ಪೆನಾ ಎಂದರೆ ದುಃಖವೋ ನಾಚಿಕೆಯೋ: ಮನಸ್ಸನ್ನು ಅಳೆಯುವ ಪ್ರಶ್ನೆಗಳು ಸ್ಪ್ಯಾನಿಷ್‌ಗೆ ಹೋದ ದಾರಿ

2008ರಿಂದ 2011ರವರೆಗೆ ಅಮೆರಿಕದ ನಾಲ್ಕು ಕಡೆ, ನ್ಯೂಯಾರ್ಕ್‌ನ ಬ್ರಾಂಕ್ಸ್, ಶಿಕಾಗೊ, ಮಯಾಮಿ ಮತ್ತು ಸ್ಯಾನ್ ಡಿಯಾಗೊಗಳಲ್ಲಿ, ಲ್ಯಾಟಿನ್ ಅಮೆರಿಕ ಮೂಲದ 16,415 ವಯಸ್ಕರ ಆರೋಗ್ಯ ತಪಾಸಣೆ ನಡೆಯಿತು. ರಕ್ತ ಪರೀಕ್ಷೆ, ರಕ್ತದೊತ್ತಡ, ತೂಕ ಇವುಗಳ ಜೊತೆಗೆ ಹತ್ತು ಪುಟ್ಟ ವಾಕ್ಯಗಳ ಒಂದು ಪ್ರಶ್ನಾವಳಿಯೂ ಇತ್ತು. ಕಳೆದ ವಾರ ನಿದ್ದೆ ಸರಿಯಾಗಿ ಬರಲಿಲ್ಲವೇ, ಒಂಟಿತನ ಕಾಡಿತೇ, ಸಂತೋಷವಾಗಿದ್ದಿರಾ, ಮುಂದಿನ ದಿನಗಳ ಬಗ್ಗೆ ಭರವಸೆ ಇತ್ತೇ, ಹೀಗೆ. ಪ್ರತಿ ಉತ್ತರಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ. ಒಟ್ಟು ಮೂವತ್ತರಲ್ಲಿ ಹತ್ತು ಮುಟ್ಟಿದರೆ ಖಿನ್ನತೆಯ ಲಕ್ಷಣಗಳು ಗಮನ ಕೊಡಬೇಕಾದಷ್ಟು ಇವೆ ಎಂದು ಲೆಕ್ಕ. ಮೆಕ್ಸಿಕೊ ಮೂಲದವರಲ್ಲಿ ಹತ್ತು ಮುಟ್ಟಿದವರು ಶೇ 22.3. ಅಮೆರಿಕದ ಆಡಳಿತಕ್ಕೆ ಸೇರಿದ ಕೆರಿಬಿಯನ್ ದ್ವೀಪ ಪೋರ್ಟೊ ರಿಕೊ ಮೂಲದವರಲ್ಲಿ ಶೇ 38.

ಸಣ್ಣ ಅಂತರವಲ್ಲ ಇದು. ಪತ್ರಿಕೆಯಲ್ಲಿ ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕದಲ್ಲಿ ಓದಿದವರು ಪೋರ್ಟೊ ರಿಕೊದವರು ಹೆಚ್ಚು ದುಃಖಿಗಳು ಎಂದುಕೊಂಡು ಪುಟ ತಿರುಗಿಸುತ್ತಾರೆ. ಅಳತೆಯ ಕೆಲಸ ಬಲ್ಲವರಿಗೆ ಮಾತ್ರ ಅಲ್ಲಿ ಬೇರೊಂದು ಪ್ರಶ್ನೆ ಏಳುತ್ತದೆ: ಇದು ದುಃಖದಲ್ಲಿರುವ ವ್ಯತ್ಯಾಸವೋ, ದುಃಖವನ್ನು ಅಳೆದ ಕೋಲಿನಲ್ಲಿರುವ ವ್ಯತ್ಯಾಸವೋ?

ಹಿಂದೆ ನಮ್ಮಲ್ಲಿ ಸೇರಿನ ಅಳತೆ ಊರಿಂದೂರಿಗೆ ಬದಲಾಗುತ್ತಿತ್ತು. ಒಂದು ಸಂತೆಯ ಒಂದು ಸೇರು ರಾಗಿ ಇನ್ನೊಂದು ಸಂತೆಯಲ್ಲಿ ಮುಕ್ಕಾಲು ಸೇರಾಗಬಹುದಿತ್ತು. ಹೆಸರು ಒಂದೇ, ಪಾತ್ರೆ ಬೇರೆ. ಅಲ್ಲಾದರೂ ಎರಡು ಪಾತ್ರೆಗಳನ್ನು ಪಕ್ಕದಲ್ಲಿಟ್ಟು ಧಾನ್ಯ ಸುರಿದು ನೋಡಬಹುದಿತ್ತು. ಖಿನ್ನತೆಯನ್ನು ಹಾಗೆ ಸುರಿದು ನೋಡಲಾಗದು. ಅದರ ಪಾತ್ರೆ ಮಾತಿನಿಂದ ಆದದ್ದು. ಒಬ್ಬ ಹೆಂಗಸು ಒಂದು ವಾಕ್ಯವನ್ನು ಕೇಳಿಸಿಕೊಂಡು, ತನ್ನ ವಾರವನ್ನು ನೆನೆದು, "ಕೆಲವೊಮ್ಮೆ" ಎನ್ನುತ್ತಾಳೆ. ಆ "ಕೆಲವೊಮ್ಮೆ" ಒಂದು ಅಂಕವಾಗುತ್ತದೆ. ಪ್ರಶ್ನಾವಳಿಯನ್ನು ಇನ್ನೊಂದು ಜನಸಮುದಾಯಕ್ಕೆ ಒಗ್ಗಿಸುವುದು, ಆಮೇಲೆ ಅದರ ಸಿಂಧುತ್ವವನ್ನು ಪರೀಕ್ಷಿಸುವುದು ಎಂದರೆ ಆ ಒಂದು ಅಂಕ ಎಲ್ಲರ ಬಾಯಲ್ಲೂ ಒಂದೇ ತೂಕದ್ದೇ ಎಂದು ನೋಡುವ ಕೆಲಸ. ಈ ಕೆಲಸದಲ್ಲಿ ಸ್ಪ್ಯಾನಿಷ್ ಭಾಷೆಯಷ್ಟು ಪಾಠ ಕಲಿಸಿದ ಭಾಷೆ ಕಡಿಮೆ.

ಸ್ಪ್ಯಾನಿಷ್ ಇಪ್ಪತ್ತು ಸ್ವತಂತ್ರ ದೇಶಗಳ ಅಧಿಕೃತ ಭಾಷೆ. ಪೋರ್ಟೊ ರಿಕೊ ಮತ್ತು ಅಮೆರಿಕದಲ್ಲಿ ನೆಲೆಸಿರುವ ಕೋಟ್ಯಂತರ ಜನ ಇದರ ಮೇಲೆ. ಬರಹದ ಭಾಷೆ ಹೆಚ್ಚುಕಡಿಮೆ ಒಂದೇ ಇದ್ದರೂ ಮನಸ್ಸಿನ ಮಾತುಗಳು ಹಾಗಿಲ್ಲ. "ಪೆನಾ" ಎಂಬ ಪದವನ್ನೇ ನೋಡಿ. ಸ್ಪೇನ್‌ನಲ್ಲಿ ಅದು ದುಃಖ, ಮರುಕ. ಮೆಕ್ಸಿಕೊ, ಕೊಲಂಬಿಯಾ, ಮಧ್ಯ ಅಮೆರಿಕಗಳ ದಿನಬಳಕೆಯಲ್ಲಿ ಅದು ನಾಚಿಕೆ, ಸಂಕೋಚ. ಮ್ಯಾಡ್ರಿಡ್‌ನಲ್ಲಿ ತಯಾರಾದ ಖಿನ್ನತೆಯ ಪ್ರಶ್ನಾವಳಿಯಲ್ಲಿ ಆ ಪದ ಇದ್ದರೆ, ಕೊಲಂಬಿಯಾದ ಬೊಗೊಟಾದಲ್ಲಿರುವ ನಾಚಿಕೆ ಸ್ವಭಾವದ ಹುಡುಗಿಗೆ ಖಿನ್ನತೆಯ ಅಂಕ ಏರಿಬಿಡುತ್ತದೆ. "ಕೊರಾಹೆ" ಎಂದರೆ ನಿಘಂಟಿನಲ್ಲಿ ಮೊದಲು ಕಾಣುವ ಅರ್ಥ ಧೈರ್ಯ. ಮೆಕ್ಸಿಕೊ ಮತ್ತು ಪೋರ್ಟೊ ರಿಕೊದಲ್ಲಿ ಅದು ಸಿಟ್ಟು. "ಕೊನ್ಸ್ತಿಪಾದೊ" ಸ್ಪೇನ್‌ನಲ್ಲಿ ನೆಗಡಿ ಹಿಡಿದವನು, ಲ್ಯಾಟಿನ್ ಅಮೆರಿಕದ ಹಲವೆಡೆ ಮಲಬದ್ಧತೆಯಿಂದ ಬಳಲುವವನು. "ಗ್ವಾಗ್ವಾ" ಕ್ಯೂಬಾದಲ್ಲಿ ಬಸ್ಸು, ಚಿಲಿಯಲ್ಲಿ ಎಳೆಗೂಸು. ಧಾರವಾಡದವರ ಮಾತಿಗೂ ಮಂಗಳೂರಿನವರ ಮಾತಿಗೂ ಇರುವ ಅಂತರವನ್ನು ಬಲ್ಲ ಕನ್ನಡಿಗರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ.

ವ್ಯಾಕರಣವೂ ಸುಮ್ಮನಿರುವುದಿಲ್ಲ. ಇಂಗ್ಲಿಷ್‌ಗೆ ಒಂದೇ "ಯೂ". ಸ್ಪ್ಯಾನಿಷ್‌ನಲ್ಲಿ ನಮ್ಮ "ನೀನು", "ನೀವು" ಇದ್ದಂತೆ "ತು", "ಉಸ್ತೆದ್" ಇವೆ. ಅರ್ಜೆಂಟೀನಾದಲ್ಲಿ "ತು" ಬದಲಿಗೆ "ವೋಸ್". ಎಪ್ಪತ್ತು ವರ್ಷದ ಅಜ್ಜಿಗೆ ಅಪರಿಚಿತ ಕಾಗದವೊಂದು ಏಕವಚನದಲ್ಲಿ "ನಿನಗೆ ಸಾಯಬೇಕೆನಿಸಿತ್ತಾ" ಎಂದು ಕೇಳಿದರೆ ಅವಳು ಏನು ಉತ್ತರಿಸಿಯಾಳು?

ಇನ್ನು ಅನುವಾದಕ್ಕೆ ಬರೋಣ. 1977ರಲ್ಲಿ ಲೆನೋರ್ ರ‍್ಯಾಡ್ಲಫ್ ಅಮೆರಿಕದಲ್ಲಿ ಪ್ರಕಟಿಸಿದ ಖಿನ್ನತೆಯ ಅಳತೆಪಟ್ಟಿಯಲ್ಲಿ ಇಪ್ಪತ್ತು ವಾಕ್ಯಗಳಿದ್ದವು. ಮೇಲೆ ಹೇಳಿದ ಹತ್ತು ವಾಕ್ಯಗಳ ಪಟ್ಟಿ ಅದರಿಂದಲೇ ಕಿರಿದಾಗಿ ಬಂದದ್ದು. ಮೂಲದ ಮೂರನೆಯ ವಾಕ್ಯದಲ್ಲಿ, ಮನೆಯವರು ಮತ್ತು ಗೆಳೆಯರ ನೆರವಿದ್ದರೂ "ಬ್ಲೂಸ್" ಅನ್ನು ಕೊಡವಿಕೊಳ್ಳಲು ಆಗಲಿಲ್ಲ ಎಂದಿದೆ. ಇಂಗ್ಲಿಷ್‌ನಲ್ಲಿ ನೀಲಿ ಬಣ್ಣಕ್ಕೆ ಮಂಕು ಕವಿದ ಮನಸ್ಸಿನ ಅರ್ಥ ಹತ್ತಿಕೊಂಡಿದೆ. ಸ್ಪ್ಯಾನಿಷ್‌ನ ನೀಲಿಗೆ ಅದಿಲ್ಲ. ಅಲ್ಲಿ ಹುಡುಗಿಯರ ಕನಸಿನ ರಾಜಕುಮಾರನೇ "ನೀಲಿ ರಾಜಕುಮಾರ". ಹೀಗಾಗಿ ಅನುವಾದಕರು ಬಣ್ಣವನ್ನು ಬಿಟ್ಟು ದುಃಖವನ್ನು ಹಿಡಿಯಬೇಕಾಯಿತು.

ಅನುವಾದ ಸರಿಯಿದೆಯೇ ಎಂದು ನೋಡಲು ಬಹುಕಾಲದಿಂದ ನಡೆದುಬಂದ ಉಪಾಯ ಮರು ಅನುವಾದ. 1970ರಲ್ಲಿ ರಿಚರ್ಡ್ ಬ್ರಿಸ್ಲಿನ್ ಬರೆದ ಲೇಖನದಿಂದ ಅದು ಹೆಸರಾಯಿತು. ಒಬ್ಬರು ಇಂಗ್ಲಿಷ್‌ನಿಂದ ಸ್ಪ್ಯಾನಿಷ್‌ಗೆ ತರುತ್ತಾರೆ. ಮೂಲವನ್ನು ನೋಡದ ಇನ್ನೊಬ್ಬರು ಅದನ್ನು ಮತ್ತೆ ಇಂಗ್ಲಿಷ್‌ಗೆ ಒಯ್ಯುತ್ತಾರೆ. ಎರಡು ಇಂಗ್ಲಿಷ್ ಪಠ್ಯಗಳು ಹೊಂದಿಕೊಂಡರೆ ಅನುವಾದ ಚೆನ್ನಾಗಿದೆ ಎಂದರ್ಥ. ಕೇಳಲು ಸೊಗಸಾಗಿದೆ. ಆದರೆ ಈ ಉಪಾಯದ ಮೇಲೆ ಜನ ಇಟ್ಟಿರುವ ನಂಬಿಕೆ ಅತಿಯಾಯಿತು ಎಂದೇ ನಾನು ಹೇಳುತ್ತೇನೆ. "ನೀಲಿಯೆನಿಸಿತು" ಎಂದು ಪದಕ್ಕೆ ಪದ ಹಾಕಿದ ಅನುವಾದವನ್ನು ಇಂಗ್ಲಿಷ್ ಬಲ್ಲವರ ಕೈಗೆ ಕೊಟ್ಟು ನೋಡಿ. ಅದು ಸರಾಗವಾಗಿ ಮೂಲಕ್ಕೇ ಮರಳುತ್ತದೆ. ಪರೀಕ್ಷೆಯಲ್ಲಿ ಪೂರ್ತಿ ಅಂಕ, ಓದುವವರಿಗೆ ಮಾತ್ರ ತಲೆಬುಡ ತಿಳಿಯದು. ಕೆಟ್ಟ ಅನುವಾದ ಎಷ್ಟು ಅಕ್ಷರಶಃ ಇರುತ್ತದೋ ಅಷ್ಟು ಚೆನ್ನಾಗಿ ಹಿಂದಿರುಗುತ್ತದೆ.

ಆದ್ದರಿಂದ ಈಗಿನ ಪದ್ಧತಿ ಬೇರೆ. ಇಬ್ಬರು ಬೇರೆ ಬೇರೆಯಾಗಿ ಅನುವಾದಿಸಿ ಎರಡನ್ನೂ ಕೂಡಿಸುತ್ತಾರೆ. ಬೇರೆ ಬೇರೆ ದೇಶಗಳ ಸ್ಪ್ಯಾನಿಷ್ ಬಲ್ಲವರು, ವೈದ್ಯರು, ಭಾಷೆ ತಿಳಿದವರು ಒಟ್ಟಿಗೆ ಕುಳಿತು ಚರ್ಚಿಸುತ್ತಾರೆ. ಅಂತರರಾಷ್ಟ್ರೀಯ ಪರೀಕ್ಷಾ ಆಯೋಗದ ಮಾರ್ಗಸೂಚಿಗಳೂ ಇದನ್ನೇ ಹೇಳುತ್ತವೆ; ಅವುಗಳ ಎರಡನೆಯ ಆವೃತ್ತಿಯನ್ನು ಸ್ಪೇನ್‌ನ ಹೊಸೆ ಮುನ್ಯಿಸ್ ಮತ್ತು ಸಂಗಡಿಗರು 2013ರಲ್ಲಿ ಸ್ಪ್ಯಾನಿಷ್‌ನಲ್ಲಿ ಪ್ರಕಟಿಸಿದರು. ಇಡೀ ಕ್ರಮದಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವುದು ಆಮೇಲಿನ ಹೆಜ್ಜೆ. ಮೂವತ್ತು ನಲವತ್ತು ಜನ ಸಾಮಾನ್ಯರ ಎದುರು ಕುಳಿತು, ಪ್ರತಿ ವಾಕ್ಯಕ್ಕೂ "ಇದನ್ನು ನಿಮ್ಮ ಮಾತಿನಲ್ಲಿ ಹೇಳಿ, ಇದು ನಿಮ್ಮನ್ನು ಏನು ಕೇಳುತ್ತಿದೆ ಅನಿಸಿತು, ಈ ಉತ್ತರವನ್ನು ಯಾಕೆ ಆರಿಸಿದಿರಿ" ಎಂದು ವಿಚಾರಿಸುವುದು. ಪಂಡಿತರ ಸಮಿತಿಗೆ ಕಾಣದ ತೊಡಕು ಇಲ್ಲಿ ಹತ್ತು ನಿಮಿಷದಲ್ಲಿ ಹೊರಬೀಳುತ್ತದೆ. ಹಣ ಸಾಲದೆ ಬಂದಾಗ ಮೊದಲು ಕೈಬಿಡುವುದೂ ಇದನ್ನೇ ಎಂಬುದು ಬೇಸರದ ಸಂಗತಿ.

ಭಾಷಾಂತರ ಎಂದರೆ ಯಾವಾಗಲೂ ನಷ್ಟವೇ ಎಂದು ತಿಳಿಯಬೇಡಿ. 1970ರಲ್ಲಿ ಚಾರ್ಲ್ಸ್ ಸ್ಪೀಲ್‌ಬರ್ಗರ್ ಮತ್ತು ಸಂಗಡಿಗರು ಹೊರತಂದ ಆತಂಕದ ಪ್ರಶ್ನಾವಳಿಯಲ್ಲಿ ಎರಡು ಭಾಗಗಳಿವೆ: ಈ ಕ್ಷಣದ ಆತಂಕ ಒಂದು, ಸ್ವಭಾವವೇ ಆಗಿಬಿಟ್ಟಿರುವ ಆತಂಕ ಇನ್ನೊಂದು. ಇಂಗ್ಲಿಷ್‌ನಲ್ಲಿ ಎರಡಕ್ಕೂ ಒಂದೇ "ಐ ಆಮ್". ಯಾವುದು ಎಂಬುದನ್ನು ಮೇಲಿನ ಸೂಚನೆಯಿಂದ ತಿಳಿಯಬೇಕು. ಸ್ಪ್ಯಾನಿಷ್‌ನಲ್ಲಿ "ಇರು" ಎಂಬುದಕ್ಕೆ ಎರಡು ಕ್ರಿಯಾಪದಗಳಿವೆ. "ಎಸ್ತೋಯ್ ನೆರ್ವಿಯೋಸೊ" ಎಂದರೆ ಈಗ ಗಾಬರಿಯಲ್ಲಿದ್ದೇನೆ. "ಸೋಯ್ ನೆರ್ವಿಯೋಸೊ" ಎಂದರೆ ನಾನು ಗಾಬರಿಬೀಳುವ ಸ್ವಭಾವದವನು. ಮನಶ್ಶಾಸ್ತ್ರಜ್ಞರು ಸಿದ್ಧಾಂತ ಕಟ್ಟಿ ಬೇರ್ಪಡಿಸಿದ್ದನ್ನು ಆ ಭಾಷೆಯ ಮಕ್ಕಳು ತೊಟ್ಟಿಲಲ್ಲೇ ಬೇರ್ಪಡಿಸುತ್ತಾರೆ. ಮೆಕ್ಸಿಕೊದ ರೊಹೆಲಿಯೊ ದಿಯಾಸ್ ಗೆರೆರೊ ಅವರು ಸ್ಪೀಲ್‌ಬರ್ಗರ್ ಜೊತೆಗೂಡಿ 1975ರಲ್ಲಿ ಅದರ ಸ್ಪ್ಯಾನಿಷ್ ರೂಪವನ್ನು ಪ್ರಕಟಿಸಿದರು. ಈ ಒಂದು ವಿಷಯದಲ್ಲಿ ಮೂಲಕ್ಕಿಂತ ಅನುವಾದದ ಭಾಷೆಯೇ ಕೆಲಸಕ್ಕೆ ಹೆಚ್ಚು ಹೊಂದುತ್ತದೆ.

ಕೆಲವೆಡೆ ಅನುವಾದವನ್ನೇ ಬಿಟ್ಟು ಹೊಸದನ್ನು ಕಟ್ಟಬೇಕಾಗುತ್ತದೆ. ವಯಸ್ಸಾದವರ ನೆನಪು ಮತ್ತು ಗ್ರಹಿಕೆಯನ್ನು ಪರೀಕ್ಷಿಸಲು 1975ರಲ್ಲಿ ಅಮೆರಿಕದಲ್ಲಿ ಬಂದ ಕಿರು ಪರೀಕ್ಷೆಯಲ್ಲಿ ನೂರರಿಂದ ಏಳೇಳು ಕಳೆಯುತ್ತ ಹೋಗಬೇಕು. ಇಂಗ್ಲಿಷ್‌ನ ಒಂದು ನುಡಿಗಟ್ಟನ್ನು ತಪ್ಪಿಲ್ಲದೆ ತಿರುಗಿ ಹೇಳಬೇಕು. ಸ್ಪೇನ್‌ನ ಸರಗೋಸಾದಲ್ಲಿ ಆಂತೋನಿಯೊ ಲೋಬೊ ಮತ್ತು ಸಂಗಡಿಗರು 1979ರಲ್ಲಿ ಅದನ್ನು ತಮ್ಮವರಿಗೆ ಒಗ್ಗಿಸಿದರು. ನುಡಿಗಟ್ಟಿನ ಜಾಗಕ್ಕೆ "ಗೋಧಿ ಹೊಲದಲ್ಲಿ ಐದು ನಾಯಿಗಳಿದ್ದವು" ಎಂಬ ವಾಕ್ಯ ಬಂತು. ಕಳೆಯುವ ಲೆಕ್ಕ ಹಣದ ಲೆಕ್ಕವಾಯಿತು: ನಿಮ್ಮ ಬಳಿ 30 ಪೆಸೆಟಾ ಇದೆ, ಮೂರು ಮೂರರಂತೆ ನನಗೆ ಕೊಡುತ್ತ ಬಂದರೆ ಎಷ್ಟೆಷ್ಟು ಉಳಿಯುತ್ತದೆ? ಶಾಲೆಗೆ ಹೋಗದ ಹಳ್ಳಿಯ ಮುದುಕನಿಗೂ ಚಿಲ್ಲರೆ ಎಣಿಸಿ ರೂಢಿ ಇರುತ್ತದೆ. ಅವನಿಗೆ ಮರೆವು ಬಂದಿದೆಯೇ ಎಂದು ತಿಳಿಯುವುದಷ್ಟೇ ಉದ್ದೇಶ. ಅವನು ಗಣಿತ ಕಲಿತಿದ್ದಾನೆಯೇ ಎಂಬುದು ಬೇಕಿಲ್ಲ. 2002ರಲ್ಲಿ ಪೆಸೆಟಾ ಚಲಾವಣೆಯಿಂದ ಹೋಯಿತು, ಪ್ರಶ್ನೆಯನ್ನು ಯೂರೊಗೆ ಬದಲಾಯಿಸಬೇಕಾಯಿತು. ಒಮ್ಮೆ ಒಗ್ಗಿಸಿದ್ದು ಎಂದೆಂದಿಗೂ ಒಗ್ಗಿರುವುದಿಲ್ಲ.

ಇನ್ನೂ ಮುಂದೆ ಹೋದವರು ಪೋರ್ಟೊ ರಿಕೊದ ಗ್ಲೋರಿಸಾ ಕನಿನೊ, ಮಿಲಾಗ್ರೊಸ್ ಬ್ರಾವೊ ಮತ್ತು ಅವರ ತಂಡ. 1980ರ ದಶಕದಲ್ಲಿ ಅಮೆರಿಕದ ಮನೋರೋಗ ಸಂದರ್ಶನ ಪತ್ರವೊಂದನ್ನು ದ್ವೀಪಕ್ಕೆ ಒಗ್ಗಿಸುವಾಗ ಅವರು ಇದ್ದದ್ದನ್ನು ಅನುವಾದಿಸಿ ಕೈಕಟ್ಟಿ ಕೂರಲಿಲ್ಲ. ಅಲ್ಲಿನ ಜನ "ಅತಾಕೆ ದೆ ನೆರ್ವಿಯೋಸ್" ಎಂದು ಕರೆಯುವ ಒಂದು ಅನುಭವವಿದೆ. ಸಾವು, ಜಗಳ, ದೊಡ್ಡ ಆಘಾತಗಳ ಸುದ್ದಿ ಕಿವಿಗೆ ಬಿದ್ದಾಗ ಕಿರುಚಾಟ, ಅಳು, ಮೈ ನಡುಕ, ಎದೆಯಿಂದ ತಲೆಗೇರುವ ಬಿಸಿ, ಕೆಲವೊಮ್ಮೆ ಎಚ್ಚರ ತಪ್ಪುವುದು. ಮೂಲ ಪತ್ರದಲ್ಲಿ ಇದರ ಸುಳಿವಿರಲಿಲ್ಲ. 1985ರ ಮಳೆ, ಪ್ರವಾಹ ಮತ್ತು ಭೂಕುಸಿತಗಳ ನಂತರ ದ್ವೀಪದಲ್ಲಿ ನಡೆದ ಅಧ್ಯಯನದಲ್ಲಿ ಅದನ್ನು ಜನರ ಹೆಸರಿನಿಂದಲೇ ಕೇಳಿದರು. ಸುಮಾರು ಶೇ 16 ಮಂದಿ ತಮಗೆ ಅದು ಆಗಿದೆ ಎಂದರು. ಅಂಥವರಲ್ಲಿ ಆತಂಕ ಮತ್ತು ಖಿನ್ನತೆಯ ಕಾಯಿಲೆಗಳೂ ಹೆಚ್ಚಾಗಿ ಕಂಡವು. ಅನುವಾದ ಎಷ್ಟೇ ನಿಖರವಾಗಿದ್ದರೂ, ಮೂಲದವರು ಕೇಳದೇ ಬಿಟ್ಟ ಪ್ರಶ್ನೆಯನ್ನು ಅದು ಹುಟ್ಟಿಸಲಾರದು.

ಉತ್ತರದ ಆಯ್ಕೆಗಳಲ್ಲೂ ಒಂದು ಸೂಕ್ಷ್ಮವಿದೆ. "ಪೂರ್ತಿ ಒಪ್ಪುತ್ತೇನೆ"ಯಿಂದ "ಒಪ್ಪುವುದೇ ಇಲ್ಲ"ದವರೆಗಿನ ಮೆಟ್ಟಿಲುಗಳಲ್ಲಿ ತುದಿಯನ್ನು ಆರಿಸುವುದು ಕೆಲವು ಸಮುದಾಯಗಳಿಗೆ ಸಹಜ. ಪ್ರಾಮಾಣಿಕವಾಗಿ ಉತ್ತರಿಸುವುದೆಂದರೆ ಅವರಿಗೆ ಹಾಗೆಯೇ. ಹುಯಿ ಮತ್ತು ಟ್ರಯಾಂಡಿಸ್ 1989ರಲ್ಲಿ ಅಮೆರಿಕದ ನೌಕಾಪಡೆಗೆ ಸೇರಿದವರನ್ನು ಹೋಲಿಸಿದರು. ಐದು ಮೆಟ್ಟಿಲುಗಳಿದ್ದಾಗ ಹಿಸ್ಪಾನಿಕ್, ಅಂದರೆ ಸ್ಪ್ಯಾನಿಷ್ ಮಾತಿನ ನಾಡುಗಳ, ಮೂಲದವರು ಉಳಿದವರಿಗಿಂತ ತುದಿಗಳನ್ನು ಹೆಚ್ಚು ಆರಿಸಿದರು; ಮೆಟ್ಟಿಲುಗಳನ್ನು ಹತ್ತಕ್ಕೆ ಏರಿಸಿದಾಗ ಆ ವ್ಯತ್ಯಾಸ ಕಾಣಲಿಲ್ಲ. ಪ್ರಶ್ನೆಯ ಒಂದು ಅಕ್ಷರವೂ ಬದಲಾಗಿರಲಿಲ್ಲ.

ಈಗ ಲೆಕ್ಕದ ಭಾಗ. ಪ್ರಶ್ನಾವಳಿ ಸಿದ್ಧವಾದ ಮೇಲೆ ನೂರಾರು ಜನರಿಗೆ ಕೊಟ್ಟು ಅಂಕಗಳನ್ನು ಪರಿಶೀಲಿಸುತ್ತಾರೆ. ಬಹಳಷ್ಟು ಲೇಖನಗಳು ಕ್ರಾನ್‌ಬಾಕ್ ಆಲ್ಫಾ ಎಂಬ ಒಂದು ಸಂಖ್ಯೆಯನ್ನು ಕೊಟ್ಟು, ಅದು 0.7 ದಾಟಿದೆ ಎಂದು ಹೇಳಿ, ಪ್ರಶ್ನಾವಳಿ ಸಿಂಧುವಾಯಿತು ಎಂದು ಮುಗಿಸಿಬಿಡುತ್ತವೆ. ಅದು ತಪ್ಪು. ಆ ಸಂಖ್ಯೆ ಹೇಳುವುದು ಪಟ್ಟಿಯ ವಾಕ್ಯಗಳು ಪರಸ್ಪರ ಎಷ್ಟು ಜೊತೆಯಾಗಿ ಏರಿಳಿಯುತ್ತವೆ ಎಂಬುದನ್ನು ಮಾತ್ರ. ಒಂದೇ ಪ್ರಶ್ನೆಯನ್ನು ಎಂಟು ಬಗೆಯಲ್ಲಿ ಕೇಳಿದರೂ ಅದು ಏರುತ್ತದೆ. ನಾಚಿಕೆಯನ್ನು ದುಃಖವೆಂದು ಅಳೆಯುತ್ತಿರುವ ಪಟ್ಟಿಗೂ ಒಳ್ಳೆಯ ಆಲ್ಫಾ ಸಿಗಬಹುದು.

ಮುಂದಿನ ಪ್ರಶ್ನೆ: ವಾಕ್ಯಗಳು ಯಾವ ಗುಂಪುಗಳಾಗಿ ಸೇರಿಕೊಳ್ಳುತ್ತವೆ? ರ‍್ಯಾಡ್ಲಫ್ ಅವರ ಮೂಲ ಅಧ್ಯಯನದಲ್ಲಿ ಇಪ್ಪತ್ತು ವಾಕ್ಯಗಳು ನಾಲ್ಕು ಗುಂಪುಗಳಾದವು: ದುಃಖದವು, ಸಂತೋಷದವು, ಮೈಗೆ ಸಂಬಂಧಿಸಿದವು (ನಿದ್ದೆ, ಹಸಿವು, ಸುಸ್ತು), ಜನರೊಂದಿಗಿನ ಒಡನಾಟದವು. 1982ರಿಂದ 84ರವರೆಗೆ ಅಮೆರಿಕದಲ್ಲಿ ಮೆಕ್ಸಿಕೊ, ಕ್ಯೂಬಾ ಮತ್ತು ಪೋರ್ಟೊ ರಿಕೊ ಮೂಲದವರ ನಡುವೆ ನಡೆದ ದೊಡ್ಡ ಆರೋಗ್ಯ ಸಮೀಕ್ಷೆಯ ಅಂಕಗಳನ್ನು ಪೀಟರ್ ಗ್ವಾರ್ನಾಚಿಯಾ ಮತ್ತು ಸಂಗಡಿಗರು ಪರಿಶೀಲಿಸಿ 1989ರಲ್ಲಿ ಪ್ರಕಟಿಸಿದರು. ಅಲ್ಲಿ ದುಃಖದ ಗುಂಪು ಮತ್ತು ಮೈಯ ಗುಂಪು ಬೇರೆಯಾಗಿ ನಿಲ್ಲದೆ ಒಂದಾಗಿದ್ದವು. ನಮಗೆ ಇದು ಅಚ್ಚರಿಯಾಗಬೇಕಿಲ್ಲ. ಎದೆ ಭಾರ, ಮೈಯಲ್ಲಿ ಶಕ್ತಿಯೇ ಇಲ್ಲ, ಊಟ ಸೇರುವುದಿಲ್ಲ, ಯಾಕೋ ಬೇಜಾರು, ಇವನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳುವ ತಾಯಂದಿರನ್ನು ನಾವು ಬಲ್ಲೆವು. ಮನಸ್ಸು ಒಂದು ಕಡೆ, ಮೈ ಇನ್ನೊಂದು ಕಡೆ ಎಂಬ ವಿಂಗಡಣೆ ಪಟ್ಟಿ ಬರೆದವರದ್ದು.

ಇನ್ನೂ ನಯವಾದ ಪರೀಕ್ಷೆಯೊಂದಿದೆ. ಒಟ್ಟಾರೆ ಖಿನ್ನತೆ ಒಂದೇ ಮಟ್ಟದಲ್ಲಿರುವ ಇಬ್ಬರನ್ನು ತೆಗೆದುಕೊಂಡು, ನಿರ್ದಿಷ್ಟ ವಾಕ್ಯವೊಂದಕ್ಕೆ ಅವರ ಉತ್ತರ ಬೇರೆಯಾಗುತ್ತದೆಯೇ ಎಂದು ನೋಡುವುದು. ಸ್ಯಾನ್ ಫ್ರಾನ್ಸಿಸ್ಕೊದ ಸಂಶೋಧಕರು 2001ರಲ್ಲಿ ಅಮೆರಿಕದ ಮನೋವೈದ್ಯ ಆರನ್ ಬೆಕ್ ಅವರ ಖಿನ್ನತೆಯ ಪ್ರಶ್ನಾವಳಿಯ ಸ್ಪ್ಯಾನಿಷ್ ರೂಪವನ್ನು ಹೀಗೆ ಸೋಸಿದರು. ಅಷ್ಟೇ ಖಿನ್ನತೆಯಿರುವ ಇಂಗ್ಲಿಷ್ ಮಾತಿನವರಿಗಿಂತ ಸ್ಪ್ಯಾನಿಷ್ ಮಾತಿನವರು "ನನಗೆ ಶಿಕ್ಷೆಯಾಗುತ್ತಿದೆ ಅನಿಸುತ್ತದೆ", "ಅಳು ಬರುತ್ತದೆ" ಎಂಬ ಬಗೆಯ ವಾಕ್ಯಗಳನ್ನು ಸುಲಭವಾಗಿ ಒಪ್ಪಿದರು. "ಯಾವ ಕೆಲಸವನ್ನೂ ಮಾಡಲಾಗುತ್ತಿಲ್ಲ" ಎಂಬುದನ್ನು ಒಪ್ಪಲು ಹಿಂದೆಗೆದರು. ಕಷ್ಟವನ್ನು ದೇವರ ಪರೀಕ್ಷೆಯೆಂದು ನೋಡುವ ನಂಬಿಕೆ, ಅಳುವುದು ಅವಮಾನವಲ್ಲ ಎನ್ನುವ ಮನೆಗಳು, ಒಂದು ದಿನ ಕೂಲಿ ತಪ್ಪಿದರೆ ಬಾಡಿಗೆಗೆ ತೊಂದರೆಯಾಗುವ ವಲಸಿಗರ ಬದುಕು, ಇವೆಲ್ಲ ಆ ಉತ್ತರಗಳ ಹಿಂದೆ ಇರಬಹುದೆಂದು ನನಗೆ ತೋರುತ್ತದೆ. ಮನಸ್ಸು ಕುಸಿದಿದ್ದರೂ ಬೆಳಿಗ್ಗೆ ಐದಕ್ಕೆ ಎದ್ದು ಹೋಟೆಲಿನ ಕೋಣೆಗಳನ್ನು ಗುಡಿಸಲು ಹೋಗುವ ಹೆಂಗಸಿಗೆ "ಕೆಲಸ ಮಾಡಲಾಗುತ್ತಿಲ್ಲ" ಎನ್ನುವ ಆಯ್ಕೆಯೇ ಇಲ್ಲ. ಆ ವಾಕ್ಯ ಅವಳ ಖಿನ್ನತೆಯನ್ನು ಕಾಣದೆ ದಾಟಿಹೋಗುತ್ತದೆ.

ಇಡೀ ಪಟ್ಟಿಗೆ ಇದೇ ಸೋಸುವಿಕೆಯನ್ನು ಮೂರು ಹಂತಗಳಲ್ಲಿ ಮಾಡುತ್ತಾರೆ. ಸೇರಿನ ಮಾತಿಗೇ ಮರಳುವುದಾದರೆ, ಮೊದಲು ಎರಡೂ ಊರುಗಳ ಪಾತ್ರೆಗಳು ಒಂದೇ ಆಕಾರದವೇ ಎಂದು ನೋಡಬೇಕು: ವಾಕ್ಯಗಳು ಎರಡೂ ಕಡೆ ಒಂದೇ ರೀತಿ ಗುಂಪುಗೂಡುತ್ತವೆಯೇ. ಎರಡನೆಯದು, ಪಾತ್ರೆಯ ಮೇಲಿನ ಗೆರೆಗಳ ನಡುವಿನ ಅಂತರ ಒಂದೇ ಇದೆಯೇ: ಖಿನ್ನತೆ ಒಂದು ಮೆಟ್ಟಿಲು ಏರಿದರೆ ಅಂಕವೂ ಎರಡೂ ಕಡೆ ಅಷ್ಟೇ ಏರುತ್ತದೆಯೇ. ಮೂರನೆಯದು, ಎರಡರ ತಳವೂ ಒಂದೇ ಮಟ್ಟದಲ್ಲಿದೆಯೇ: ಒಂದರ ತಳಕ್ಕೆ ಮೊದಲೇ ಒಂದು ಹಿಡಿ ಮರಳು ಅಂಟಿಕೊಂಡಿಲ್ಲ ತಾನೇ. ಮೂರೂ ಸರಿಯಿದ್ದರೆ ಮಾತ್ರ ಎರಡು ಗುಂಪುಗಳ ಸರಾಸರಿಗಳನ್ನು ಹೋಲಿಸಲು ಹಕ್ಕು ಬರುತ್ತದೆ. ಮೊದಲೆರಡು ಸರಿಯಾಗಿ ಮೂರನೆಯದು ತಪ್ಪಿದರೆ, ಶೇ 22 ಮತ್ತು ಶೇ 38 ಎಂಬ ಹೋಲಿಕೆಗೆ ಅರ್ಥವೇ ಉಳಿಯುವುದಿಲ್ಲ.

ಅಂದಹಾಗೆ, ಆ 16,415 ಜನರ ಹತ್ತು ವಾಕ್ಯಗಳನ್ನು ಹೀಗೆ ಪರೀಕ್ಷಿಸಿದ್ದಾರೆ. 2017ರಲ್ಲಿ ಪ್ರಕಟವಾದ ಆ ಕೆಲಸ ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ರೂಪಗಳನ್ನೂ, ಬೇರೆ ಬೇರೆ ಮೂಲದ ಗುಂಪುಗಳನ್ನೂ ಹೋಲಿಸಿತು. ಎರಡೂ ಭಾಷೆಗಳಲ್ಲಿ, ಈ ಗುಂಪುಗಳ ನಡುವೆ, ಪಟ್ಟಿಯನ್ನು ಬಳಸಬಹುದು ಎಂದು ಅದರ ಫಲಿತಾಂಶಗಳು ಹೇಳಿದವು. ಅಂದರೆ ಅಂತರದ ಹೊಣೆಯನ್ನು ಅಳತೆಗೋಲಿನ ತಲೆಗೆ ಕಟ್ಟಿ ತಪ್ಪಿಸಿಕೊಳ್ಳಲಾಗದು. ಪೋರ್ಟೊ ರಿಕೊದವರು ಹೆಚ್ಚಾಗಿ ಬ್ರಾಂಕ್ಸ್ ಮತ್ತು ಶಿಕಾಗೊದವರು, ಮೆಕ್ಸಿಕೊದವರು ಹೆಚ್ಚಾಗಿ ಸ್ಯಾನ್ ಡಿಯಾಗೊ ಮತ್ತು ಶಿಕಾಗೊದವರು. ಬಾಡಿಗೆ, ಉದ್ಯೋಗ, ಕಾಯಿಲೆ, ಬೀದಿ, ಚಳಿಗಾಲ ಇವುಗಳ ಬಗ್ಗೆ ಕೇಳುವ ಸರದಿ ಈಗ ಬರುತ್ತದೆ. ಅಳತೆ ಸರಿಯಾಗದ ಹೊರತು ಆ ಮಾತು ಆರಂಭಿಸಲೂ ಆಗುತ್ತಿರಲಿಲ್ಲ.

ಇಷ್ಟಾದರೂ ಈ ಎಣಿಕೆಯಿಂದ ಹೊರಗುಳಿಯುವವರಿದ್ದಾರೆ. ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ ದುಡಿಯುವವರಲ್ಲಿ ಮೆಕ್ಸಿಕೊದ ಓಹಾಕಾದಿಂದ ಬಂದ ಮಿಷ್ಟೆಕ್ ಜನರು ಬಹಳ ಮಂದಿ. ಅರ್ಜಿಯಲ್ಲಿ ಅವರು "ಹಿಸ್ಪಾನಿಕ್". ಚಿಕಿತ್ಸಾಲಯದಲ್ಲಿ ಅವರ ಕೈಗೆ ಸಿಗುವುದು ಸ್ಪ್ಯಾನಿಷ್ ಪ್ರಶ್ನಾವಳಿ. ಅವರಲ್ಲಿ ಅನೇಕರ ಮನೆಮಾತು ಮಿಷ್ಟೆಕ್. ಸ್ಪ್ಯಾನಿಷ್ ಸಂತೆಯಲ್ಲಿ, ಶಾಲೆಯಲ್ಲಿ ಕಲಿತ ಎರಡನೆಯ ಭಾಷೆ, ಕೆಲವರಿಗೆ ಅದೂ ಇಲ್ಲ. ಪೆರು ಮತ್ತು ಬೊಲಿವಿಯಾದ ಬೆಟ್ಟಗಳಲ್ಲಿ ಕೆಚುವಾ, ಐಮಾರಾ ಮಾತಾಡುವವರ ಸ್ಥಿತಿಯೂ ಇದೇ. ಕಲಬುರಗಿಯ ತಾಂಡಾದಿಂದ ಸರ್ಕಾರಿ ಆಸ್ಪತ್ರೆಗೆ ಬಂದ ಲಂಬಾಣಿ ತಾಯಿಯ ಮುಂದೆ, ಎಷ್ಟೇ ಕಾಳಜಿಯಿಂದ ಸಿಂಧುತ್ವ ಪರೀಕ್ಷಿಸಿದ ಕನ್ನಡದ ಪ್ರಶ್ನಾವಳಿಯನ್ನು ಇಟ್ಟರೂ, ಅವಳು ತನ್ನ ಸಂಕಟವನ್ನು ಮೊದಲು ಮನಸ್ಸಿನಲ್ಲೇ ಕನ್ನಡಕ್ಕೆ ತರುತ್ತಾಳೆ, ಆಮೇಲೆ "ಕೆಲವೊಮ್ಮೆ" ಎನ್ನುತ್ತಾಳೆ.